ಗಾಡಿಗೆ ಹಬೆ ಕೊಟ್ಟ ಭಾನುವಾರ

ನನಗೆ ಕಾರು ಓಡಿಸಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಬ್ಯಾಟರಿ, ವೈರು, ಹಾರನ್ನು ಎಂದು ದೊಡ್ಡ ದೊಡ್ಡ ಮಾತಾಡುವಾಗ ನೀವು ನನ್ನನ್ನು ಬಲ್ಲವಳೆಂದು ತಿಳಿದು ನಿಮ್ಮ ಮನೆಯ ಕಾರಿನ ಕಾಯಿಲೆಗೂ ಮದ್ದು ಕೇಳಿಬಿಟ್ಟರೆ ಕಷ್ಟ. ನನಗೆ ಬರುವುದು ಒಂದೇ ವಿದ್ಯೆ. ಕ್ಯಾಲೆಂಡರ್ ಬರೆಯುವುದು.

ಅಡುಗೆಮನೆಯ ಬಾಗಿಲ ಹಿಂದೆ ನಮ್ಮ ಕ್ಯಾಲೆಂಡರು ತೂಗುತ್ತದೆ. ಪಕ್ಕದಲ್ಲಿ ದಾರ ಕಟ್ಟಿದ ಒಂದು ಪೆನ್ನು. ಹಾಲು ಎಷ್ಟು ಬಂತು, ಸಿಲಿಂಡರ್ ಯಾವತ್ತು ಬದಲಾಯಿಸಿದೆ ಎಂದು ಎಲ್ಲರೂ ಬರೆಯುತ್ತಾರೆ. ನಾನು ಅಷ್ಟಕ್ಕೇ ನಿಲ್ಲುವವಳಲ್ಲ. ‘ಹಿಟ್ಟು ಹುಳಿ ಬರಲಿಲ್ಲ’, ‘ಕರಿಬೇವಿಗೆ ಹುಳ’, ‘ಮಾವ ಎರಡು ಮುದ್ದೆ ಉಂಡರು’, ‘ಬಟ್ಟೆ ಒಣಗಿಲ್ಲ’, ‘ಉಪ್ಪು ಒದ್ದೆ’ ಎಂದು ಆ ಬೆಂಕಿಪೊಟ್ಟಣದಷ್ಟು ಚೌಕದಲ್ಲೇ ಇಡೀ ದಿನವನ್ನು ಮಡಿಸಿ ಇಡುತ್ತೇನೆ. ಚಿಕ್ಕಬಳ್ಳಾಪುರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿರುವ ನಮ್ಮವರು, ದಿನವಿಡೀ ಕಡತ ನೋಡಿ ಬಂದವರು, ಇದನ್ನು ಕಂಡರೆ ನಗುತ್ತಾರೆ. ‘ಈ ಮನೇಲಿ ತಾರೀಖು ಎಷ್ಟು ಅಂತ ನೋಡಕ್ಕೆ ಪಕ್ಕದ ಮನೆಗೆ ಹೋಗ್ಬೇಕು ಕಣೇ’ ಎನ್ನುತ್ತಾರೆ. ಬರೆದದ್ದರಿಂದ ಯಾರಿಗಾದರೂ ಉಪಯೋಗವಾದೀತು ಎಂಬ ಆಸೆ ನನಗೂ ಇರಲಿಲ್ಲ. ಕೆಲವರಿಗೆ ಉಗುರು ಕಚ್ಚುವ ಅಭ್ಯಾಸವಿರುತ್ತದೆ, ನನಗೆ ಇದು.

ಇನ್ನು ಗಾಡಿಯ ವಿಷಯ. ನಮ್ಮ ಮನೆಯಲ್ಲಿ ‘ಕಾರು’ ಎಂದರೆ ನಮ್ಮವರ ಬಿಳಿಯದು. ‘ಗಾಡಿ’ ಎಂದರೆ ಮಾವನದು. ಗಾಡಿಗೆ ಹೆಸರುಕಾಳಿನ ಬಣ್ಣ, ದುಂಡು ಕಣ್ಣು, ಸ್ಟೇರಿಂಗಿನ ಕತ್ತಿಗೇ ಅಂಟಿಕೊಂಡ ಗೇರು. ಮುಂದಿನ ಸೀಟು ಒಂದೇ ಉದ್ದಕ್ಕೆ, ದಿವಾನದ ಹಾಗೆ. ಬಾಗಿಲು ಮುಚ್ಚಿದರೆ ಅಕ್ಕಿಡಬ್ಬದ ಮುಚ್ಚಳ ಹಾಕಿದಂಥ ಸದ್ದು. ಮಾವ ಇದನ್ನು ಸೆಕೆಂಡ್ ಹ್ಯಾಂಡ್ ಕೊಂಡು ತಂದಾಗ ನಮ್ಮವರಿಗೆ ಹನ್ನೆರಡು ವರ್ಷವಂತೆ. ಶಿಡ್ಲಘಟ್ಟದಲ್ಲಿ ಆಗ ನಮ್ಮದು ನಾಲ್ಕು ಬೇಸಿನ್ನಿನ ಸಣ್ಣ ರೀಲಿಂಗ್ ಘಟಕ. ಬಿಸಿನೀರಿನ ಬೇಸಿನ್ನಿನಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕೆಲಸ. ಘಟಕ ನಿಂತು ಬಹಳ ವರ್ಷಗಳಾದವು. ಆ ಶೆಡ್ಡಿನಲ್ಲೇ ಈಗ ಗಾಡಿ ನಿಲ್ಲುತ್ತದೆ. ಗೋಡೆಯ ಹತ್ತಿರ ಮೂಗು ತಂದರೆ ಇಂದಿಗೂ ಬೆಂದ ಗೂಡಿನ ವಾಸನೆ ಬರುತ್ತದೆ. ಬೇರೆ ಊರಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ನಮಗೆ ಅದು ಮನೆಯ ವಾಸನೆ.

ಗಾಡಿಗೂ ಮಾವನ ಅಕ್ಕನಿಗೂ ಇರುವ ಸಂಬಂಧವನ್ನು ಹೇಳದೆ ಮುಂದೆ ಹೋಗಲಾರೆ. ಈ ಅಕ್ಕನನ್ನು ಜಂಗಮಕೋಟೆಗೆ ಕೊಟ್ಟಿದೆ. ನಾವೆಲ್ಲ ಅವರನ್ನು ಜಂಗಮಕೋಟೆ ಅತ್ತೆ ಎನ್ನುತ್ತೇವೆ. ವಯಸ್ಸು ಎಂಬತ್ತು ದಾಟಿದೆ, ನಾಲಿಗೆಗೆ ಮಾತ್ರ ಇನ್ನೂ ಮೂವತ್ತು. ಮದುವೆಯಾದಂದಿನಿಂದ ಒಂದು ವರ್ಷವೂ ತಪ್ಪದೆ ಅವರು ಗೌರಿ ಹಬ್ಬಕ್ಕೆ ತವರಿಗೆ ಬಂದಿದ್ದಾರೆ. ಮೊದಮೊದಲು ಎತ್ತಿನ ಗಾಡಿಯಲ್ಲಿ, ಆಮೇಲೆ ಬಸ್ಸಿನಲ್ಲಿ, ಈ ನಲವತ್ತು ವರ್ಷ ತಮ್ಮನ ಗಾಡಿಯಲ್ಲಿ. ಈಗ ಅವರ ಮಂಡಿ ಮಡಿಸಲು ಬರುವುದಿಲ್ಲ. ಬಸ್ಸಿನ ಮೆಟ್ಟಿಲು ಹತ್ತಲಾರರು. ಆಟೋದಲ್ಲಿ ಕಾಲು ಚಾಚಲು ಜಾಗವಿಲ್ಲ. ನಮ್ಮವರ ಬಿಳಿ ಕಾರಿನಲ್ಲಿ ಒಮ್ಮೆ ಕೂತು ಎದ್ದವರು, ‘ಇದೇನಪ್ಪ, ಬಾವಿಗೆ ಇಳಿದಂಗಾಯ್ತು’ ಎಂದು ಕೈಮುಗಿದುಬಿಟ್ಟರು. ಗಾಡಿಯ ಸೀಟು ಮಾತ್ರ ಅವರ ಜಗಲಿಯಷ್ಟೇ ಎತ್ತರ. ಬಾಗಿಲು ಅಗಲ. ಪಕ್ಕಕ್ಕೆ ತಿರುಗಿ ಕೂತು, ಎರಡೂ ಕಾಲನ್ನು ಜೋಡಿಸಿ, ಮಗುವನ್ನು ತೊಟ್ಟಿಲಿಗೆ ಹಾಕುವಂತೆ ತಾವೇ ಒಳಗೆ ಎತ್ತಿಟ್ಟುಕೊಳ್ಳುತ್ತಾರೆ.

ಹೀಗಿರುವಾಗ ಹೋದ ವರ್ಷ ಗೌರಿ ಹಬ್ಬದ ಬೆಳಿಗ್ಗೆ ಆ ಅನಾಹುತವಾಯಿತು. ಜಿನುಗು ಮಳೆ. ಅತ್ತೆಯನ್ನು ಕೂರಿಸಿಕೊಂಡು ಮಾವ ಬರುತ್ತಿದ್ದರು. ಹಿಂದಿನ ಸೀಟಿನಲ್ಲಿ ನಾನು, ತೊಡೆಯ ಮೇಲೆ ಹೂವಿನ ಬುಟ್ಟಿ. ಮೇಲೂರಿನ ಹತ್ತಿರ ನಮ್ಮ ಮುಂದೆ ಒಂದು ಶವದ ಮೆರವಣಿಗೆ. ಮಾವ ಮರ್ಯಾದೆಯಿಂದ ವೇಗ ತಗ್ಗಿಸಿ ಹಿಂದೆ ನಿಂತರು. ಅದೇ ಹೊತ್ತಿಗೆ, ಯಾರೂ ಮುಟ್ಟದೆ, ಗಾಡಿಯ ಹಾರನ್ನು ಕೂಗಲು ಶುರುಮಾಡಿತು. ಕೂಗಿತು ಎಂದರೆ ಹಾಗೆ ಹೀಗಲ್ಲ, ನಿಲ್ಲಿಸಲಿಲ್ಲ. ಮಾವ ಗುಂಡಿಯನ್ನು ಒತ್ತಿದರು, ಎಳೆದರು, ಗುದ್ದಿದರು. ತಮಟೆಯವರು ಬಡಿಯುವುದನ್ನು ಬಿಟ್ಟು ತಿರುಗಿ ನೋಡಿದರು. ಹೆಣ ಹೊತ್ತವರೂ ತಿರುಗಿದರು. ಕಡೆಗೆ ಪುಣ್ಯಾತ್ಮರೊಬ್ಬರು ಬಂದು ಬಾನೆಟ್ ಎತ್ತಿ ಬ್ಯಾಟರಿಯ ವೈರು ಕಿತ್ತರು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ‘ಸತ್ತೋನ ಹತ್ರ ಸೈಡು ಕೇಳಿದ್ಯಲ್ಲೋ! ನಾಯನಾ, ಏಮಿ ಪಾಪವೋ!’ ಎಂದು ತೆಲುಗು ಕನ್ನಡ ಎರಡರಲ್ಲೂ ಅತ್ತರು.

ಹಬ್ಬ ಮುಗಿಸಿ ಹೊರಟಾಗ ಬೇರೆ ದಾರಿಯಿಲ್ಲದೆ ಅದೇ ಗಾಡಿಯಲ್ಲಿ ಹೋದರು. ಇಳಿದವರೇ ಕಡ್ಡಿ ತುಂಡು ಮಾಡಿದಂತೆ ಹೇಳಿದರು: ‘ಇನ್ನೊಂದ್ ಸಲ ಈ ಗಾಡೀಲಿ ಕಾಲಿಡಲ್ಲ. ಮುಂದಿನ ವರ್ಷ ಬಾಗಿನ ಇಲ್ಲೇ ತಂದು ಕೊಟ್ಟೋಗು.’

ಮಾವ ಹೆಚ್ಚು ಮಾತಾಡುವವರಲ್ಲ. ಆದರೆ ಅಂದಿನಿಂದ ಪ್ರತಿದಿನ ಬೆಳಿಗ್ಗೆ ಕಾಫಿ ಕುಡಿದ ಮೇಲೆ ಒದ್ದೆ ಬಟ್ಟೆ ಹಿಡಿದು ಶೆಡ್ಡಿಗೆ ಹೋಗಿ ಮುಂದಿನ ಸೀಟಿನ ಎಡಭಾಗವನ್ನು, ಅಂದರೆ ಅಕ್ಕ ಕೂರುವ ಜಾಗವನ್ನಷ್ಟೇ, ಒರೆಸಿ ಬರುತ್ತಿದ್ದರು. ನಾನು ಅದನ್ನೂ ಕ್ಯಾಲೆಂಡರಿನಲ್ಲಿ ಬರೆದೆ. ನಮ್ಮತ್ತೆ ತೀರಿಕೊಂಡು ಆರು ವರ್ಷವಾಯಿತು. ಮಾವನನ್ನು ಚಿಕ್ಕಂದಿನ ಹೆಸರಿನಿಂದ ‘ಚಿನ್ನಾ’ ಎಂದು ಕರೆಯುವ ಜೀವ ಈಗ ಜಂಗಮಕೋಟೆಯಲ್ಲಿ ಒಂದೇ ಇದೆ. ಎಪ್ಪತ್ತೇಳರ ಮನುಷ್ಯನಿಗೆ ಅದು ಸಣ್ಣ ವಿಷಯವಲ್ಲ.

ಹಾಗಾಗಿ ಈ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಮಾವ ಹಠ ಹಿಡಿದರು. ಹಬ್ಬದೊಳಗೆ ಹಾರನ್ನಿನ ರೋಗ ಕಂಡುಹಿಡಿಯಲೇಬೇಕು. ಗಾಡಿಯ ಡಾಕ್ಟರು ನಮ್ಮೂರಿನ ಖಲೀಲಣ್ಣ. ವಾಹನಗಳ ವೈರಿಂಗ್ ಕೆಲಸದಲ್ಲಿ ಕೂದಲು ಬೆಳ್ಳಗಾದವರು. ಅವರ ಕೈಯಲ್ಲಿ ಸದಾ ಒಂದು ಸಣ್ಣ ಬಲ್ಬು, ಅದಕ್ಕೆ ಎರಡು ವೈರು, ಒಂದರ ತುದಿಗೆ ಮೊಸಳೆಬಾಯಿ ಕ್ಲಿಪ್ಪು. ಕ್ಲಿಪ್ಪನ್ನು ಗಾಡಿಯ ಮೈಗೆ ಕಚ್ಚಿಸಿ, ಇನ್ನೊಂದು ತುದಿಯಿಂದ ಅಲ್ಲಿ ಇಲ್ಲಿ ಚುಚ್ಚುತ್ತಾರೆ. ಬಲ್ಬು ಹತ್ತಿದರೆ ಅಲ್ಲಿಯವರೆಗೆ ಕರೆಂಟು ಬಂದಿದೆ ಎಂದರ್ಥ. ನಾಡಿ ನೋಡುವ ಪಂಡಿತರ ತಾಳ್ಮೆ ಅವರದು.

ನಾನು ಕುತೂಹಲದಿಂದ ಪಕ್ಕದಲ್ಲಿ ನಿಂತಿದ್ದಾಗ ಅವರೇ ಒಂದು ಪಾಠ ಹೇಳಿದರು. ಗಾಡಿಯಲ್ಲಿ ಕರೆಂಟು ಹೋಗುವುದಕ್ಕೆ ಮಾತ್ರ ವೈರು ಇರುತ್ತದಂತೆ. ಬ್ಯಾಟರಿಗೆ ವಾಪಸ್ಸು ಬರಲು ಬೇರೆ ವೈರಿಲ್ಲ, ಗಾಡಿಯ ಕಬ್ಬಿಣದ ಮೈಯೇ ದಾರಿ. ‘ಹಾರನ್ ಗುಂಡಿ ಅಂದ್ರೆ ಏನಿಲ್ಲ ಅಕ್ಕಾ, ಒತ್ತಿದ್ರೆ ಒಂದು ವೈರನ್ನ ಮೈಗೆ ಮುಟ್ಟಿಸ್ತದೆ, ಅಷ್ಟೇ. ಮುಟ್ಟಿದ್ರೆ ಕೂಗ್ತದೆ. ಈಗ ನಿಮ್ಮ ಗಾಡೀಲಿ ಗುಂಡಿ ಒತ್ದೇನೇ ಎಲ್ಲೋ ಮುಟ್ತಾ ಐತೆ. ಎಲ್ಲಿ ಅನ್ನೋದೇ ತಲೆನೋವು.’ ಮನೆಗೆ ಬಂದು ಸಾರು ಕುದಿಸುವಾಗಲೂ ನನಗೆ ಅದೇ ಯೋಚನೆ. ಹೋಗುವುದಕ್ಕೆ ಕೆಂಪು, ನೀಲಿ ಎಂದು ಬಣ್ಣಬಣ್ಣದ ವೈರುಗಳ ಸಡಗರ. ಬರುವುದು ಮಾತ್ರ ಹೆಸರಿಲ್ಲದೆ, ಎಲ್ಲರೂ ಕೂತಿರುವ ಮೈಯ ಮೂಲಕವೇ. ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುವುದೂ ಹೀಗೆಯೇ ಅಲ್ಲವೇ ಅನ್ನಿಸಿತು. ಕಳಿಸುವ ದಿನ ಛತ್ರ, ವಾದ್ಯ. ಬರುವ ದಿನ ಯಾವುದೋ ಗಾಡಿಯ ಮುಂದಿನ ಸೀಟು. ಅಷ್ಟು ಹೊತ್ತಿಗೆ ಸಾರು ಉಕ್ಕಿತು.

ತಲೆನೋವು ಯಾಕೆಂದರೆ, ಗಾಡಿ ಖಲೀಲಣ್ಣನ ಮುಂದೆ ಒಮ್ಮೆಯೂ ಕೂಗಲಿಲ್ಲ. ನಮ್ಮ ಶೆಡ್ಡಿನಲ್ಲಿ ಬೆಳಗಿನ ಜಾವ, ನಿಂತ ನಿಲುವಿಗೇ ಅರಚುತ್ತಿತ್ತು. ಅಕ್ಕಪಕ್ಕದವರು ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಹೊರಗೆ ಬರುತ್ತಿದ್ದರು. ಮಾವ ಪಂಚೆ ಎತ್ತಿಕಟ್ಟಿಕೊಂಡು ಓಡಿ ವೈರು ಕೀಳುತ್ತಿದ್ದರು. ‘ರಾತ್ರೀನೇ ಕಿತ್ತಿಟ್ಟು ಮಲಕ್ಕೊಳ್ಳಿ ಅಪ್ಪಾ’ ಎಂದು ನಮ್ಮವರು ಹೇಳಿದರೆ, ‘ದಿನಾ ಉಸಿರು ಕಟ್ಟಿಸಿ ಮಲಗ್ಸಕ್ಕಾಗ್ತದಾ?’ ಎಂದರು. ಹತ್ತು ಗಂಟೆಗೆ ಖಲೀಲಣ್ಣನ ಅಂಗಡಿ ತೆರೆಯುವ ಹೊತ್ತಿಗೆ ಗಾಡಿ ಒಳ್ಳೇ ಹುಡುಗಿಯ ಹಾಗೆ ಬಾಯಿ ಮುಚ್ಚಿಕೊಂಡು ನಿಂತಿರುತ್ತಿತ್ತು. ರಾತ್ರಿಯೆಲ್ಲ ಕೆಮ್ಮಿ, ಡಾಕ್ಟರ ಎದುರಿಗೆ ಕೂತ ಕೂಡಲೇ ಕೆಮ್ಮು ಮರೆತುಹೋಗುವ ರೋಗಿಗಳಿರುತ್ತಾರಲ್ಲ, ಹಾಗೆ. ನಾನೂ ಅಂಥವಳೇ. ಡಾಕ್ಟರ ಮುಂದೆ ನನ್ನ ಸೊಂಟ ಎಂದೂ ನೋಯುವುದಿಲ್ಲ.

ಖಲೀಲಣ್ಣ ಗುಂಡಿ ಬದಲಾಯಿಸಿದರು. ಚಿಂತಾಮಣಿಯ ಹಳೇ ಸಾಮಾನಿನ ಅಂಗಡಿಯಿಂದ ಹಾರನ್ನಿಗೆ ಕರೆಂಟು ಬಿಡುವ, ಅದೇ ಕಾಲದ ರಿಲೇ ತರಿಸಿ ಹಾಕಿದರು. ಮೂರನೇ ದಿನ ಬೆಳಿಗ್ಗೆ ಐದೂವರೆಗೆ ಮತ್ತೆ ಅದೇ ರಾಗ. ನಾಲ್ಕನೇ ಸಲ ಗಾಡಿ ಹೋದಾಗ ಅವರು ಬಲ್ಬನ್ನು ಕೆಳಗಿಟ್ಟು, ‘ಯಜಮಾನ್ರೇ, ನಾನಿರೋವಾಗ ಕೂಗಕ್ಕೆ ಅದಕ್ಕೆ ಹೇಳಿ. ಅದು ಕೂಗ್ಲಿಲ್ಲ ಅಂದ್ರೆ ನಾನು ಎಲ್ಲಿ ಅಂತ ಹುಡುಕ್ಲಿ? ಇಲ್ಲಾಂದ್ರೆ ಎಲ್ಲಾ ವೈರು ಕಿತ್ತು ಹೊಸದು ಎಳೀಬೇಕು. ಹಬ್ಬಕ್ಕೆ ಆಗಲ್ಲ’ ಎಂದರು. ಹಬ್ಬಕ್ಕೆ ಇನ್ನು ಹನ್ನೊಂದು ದಿನ. ಆ ದಿನದ ಚೌಕದಲ್ಲಿ ‘ಮಾವ ಅರ್ಧ ಮುದ್ದೆ’ ಎಂದಿದೆ.

ಅದನ್ನು ಬರೆಯುವಾಗಲೇ ಕಣ್ಣಿಗೆ ಬಿದ್ದದ್ದು. ಹಾರನ್ನು ಕೂಗಿದ ದಿನಗಳಲ್ಲೆಲ್ಲ ನಾನು ‘ಹಾ’ ಎಂದು ಬರೆದಿಟ್ಟಿದ್ದೆ. ‘ಹಾ’ ಇರುವ ಚೌಕಗಳಲ್ಲೆಲ್ಲ ಅದರ ಕೆಳಗೆ ಇನ್ನೇನೋ ಇತ್ತು. ಒಂದರಲ್ಲಿ ‘ಬಟ್ಟೆ ಒಣಗಿಲ್ಲ’. ಇನ್ನೊಂದರಲ್ಲಿ ‘ಉಪ್ಪು ಒದ್ದೆ’. ಮತ್ತೊಂದರಲ್ಲಿ ‘ಹಪ್ಪಳ ಮೆತ್ತಗೆ’. ಪುಟ ತಿರುವಿದೆ. ಬಿಸಿಲು ಕಾದ ವಾರದಲ್ಲಿ ಒಂದೂ ‘ಹಾ’ ಇಲ್ಲ. ಸುರುಳಿ ಸುತ್ತಿ ಹಿಟ್ಟಿನ ಡಬ್ಬದ ಹಿಂದೆ ಇಟ್ಟಿದ್ದ ಹೋದ ವರ್ಷದ ಕ್ಯಾಲೆಂಡರು ಬಿಚ್ಚಿದೆ. ಗೌರಿ ಹಬ್ಬದ ಚೌಕ: ‘ಮೇಲೂರಲ್ಲಿ ಮಾನ ಹೋಯ್ತು. ಉಪ್ಪು ಒದ್ದೆ.’

ಕೈಯಲ್ಲಿ ಸೌಟು ಹಿಡಿದೇ ಶೆಡ್ಡಿಗೆ ಓಡಿದೆ. ‘ಮಾವಾ, ಗಾಡಿಗೆ ಥಂಡಿ!’

ನಮ್ಮವರು ನಕ್ಕರು. ಮಾವ ನಗಲಿಲ್ಲ. ಕ್ಯಾಲೆಂಡರನ್ನು ತರಿಸಿಕೊಂಡು, ಕನ್ನಡಕ ಹಾಕಿಕೊಂಡು, ಒಂದೊಂದೇ ಚೌಕಕ್ಕೆ ಬೆರಳಿಟ್ಟು ನೋಡಿದರು. ‘ನೀನು ಹೇಳೋದು ಸರಿ ಕಣಮ್ಮ’ ಎಂದರು. ಮದುವೆಯಾಗಿ ಬಂದ ಇಪ್ಪತ್ತೆಂಟು ವರ್ಷದಲ್ಲಿ ಈ ಮನೆಯ ಗಂಡಸರ ಬಾಯಿಂದ ಈ ವಾಕ್ಯವನ್ನು ನಾನು ಕೇಳಿದ ಸಂದರ್ಭಗಳು ಕಡಿಮೆ. ಅದೂ ಚೌಕಕ್ಕೆ ಸೇರಿತು.

ಥಂಡಿಯೆಂದು ಗೊತ್ತಾದ ಮೇಲೆ ಮುಂದಿನದು ಮಕ್ಕಳನ್ನು ಸಾಕಿದ ಯಾರಿಗಾದರೂ ಹೊಳೆಯುವಂಥದ್ದೇ. ಆ ಭಾನುವಾರ ಖಲೀಲಣ್ಣನನ್ನು ಮನೆಗೆ ಕರೆಸಿದೆವು. ನೆತ್ತಿಯ ಮೇಲೆ ಬಿಸಿಲು, ಗಾಡಿ ತೆಪ್ಪಗಿದೆ. ನಾನು ಇಡ್ಲಿ ಪಾತ್ರೆಯಲ್ಲಿ ನೀರು ಕುದಿಸಿ ತಂದು, ಮುಂದಿನ ಸೀಟಿನ ಕೆಳಗೆ, ಕಾಲಿಡುವ ಜಾಗದಲ್ಲಿಟ್ಟು ಮುಚ್ಚಳ ತೆಗೆದೆ. ಮೇಲಿಂದ ದೊಡ್ಡ ಕಂಬಳಿ ಹೊದಿಸಿದೆ. ನೆಗಡಿಯಾದ ಮಗುವಿಗೆ ಹಬೆ ಹಿಡಿಸುವ ಹಾಗೇ.

‘ನೀಲಗಿರಿ ಎಣ್ಣೆ ಎರಡು ಹನಿ ಹಾಕಲ್ವೇನಮ್ಮಾ?’ ಮಾವ ಕೇಳಿದರು. ವರ್ಷವೊಂದರಲ್ಲಿ ಅವರು ಮಾಡಿದ ಮೊದಲ ತಮಾಷೆ ಅದು.

‘ಆಮೇಲೆ ವೀಳ್ಯದೆಲೆ ಬಿಸಿ ಮಾಡಿ ಎದೆಗೆ ಇಡೋಣ’ ಎಂದರು ನಮ್ಮವರು, ಪತ್ರಿಕೆಯ ಹಿಂದಿನಿಂದ.

ಖಲೀಲಣ್ಣ ಮಾತ್ರ ನಗದೆ ನೆಲದ ಮೇಲೆ ಕೂತರು. ಹತ್ತು ನಿಮಿಷ ಏನೂ ಇಲ್ಲ. ನೀರು ಆರಿತು. ಎರಡನೇ ಸಲ ಕುದಿಸಿ ತಂದೆ. ನಮ್ಮವರು ಪತ್ರಿಕೆಯ ಎರಡನೇ ಪುಟ ತಿರುವಿದರು. ನನಗೆ ನಾಚಿಕೆಯಾಗತೊಡಗಿತು. ಭಾನುವಾರದ ಸಾರಿಗೆ ಇನ್ನೂ ಬೇಳೆ ಬೇಯಿಸಿಲ್ಲ, ಕಬ್ಬಿಣಕ್ಕೆ ಹಬೆ ಕೊಡುತ್ತ ಕೂತಿದ್ದೇನೆ. ಮೂರನೇ ಪಾತ್ರೆಗೆ ಒಳಗೆ ಹೋಗೋಣವೆಂದು ಎದ್ದೆ. ಆಗ ಕೂಗಿತು ನೋಡಿ!

ವರ್ಷದಿಂದ ಯಾವ ಸದ್ದಿಗೆ ಶಾಪ ಹಾಕುತ್ತಿದ್ದೆವೋ ಅದೇ ಸದ್ದಿಗೆ ನಾವು ನಾಲ್ಕೂ ಜನ ಚಪ್ಪಾಳೆ ತಟ್ಟಿದೆವು. ‘ಕೂಗ್ಲಿ, ಕೂಗ್ಲಿ, ಯಾರೂ ವೈರು ಮುಟ್ಬೇಡಿ!’ ಎಂದು ಅರಚುತ್ತ ಖಲೀಲಣ್ಣ ಟಾರ್ಚು ಹಿಡಿದು ಕಂಬಳಿಯೊಳಗೆ ನುಗ್ಗಿ ಮಲಗಿದರು. ಅವರ ಎರಡು ಪಾದ ಮಾತ್ರ ಹೊರಗೆ. ಸ್ವಲ್ಪ ಹೊತ್ತಿಗೆ ಸದ್ದು ತಟಕ್ಕನೆ ನಿಂತಿತು. ಒಳಗಿಂದ ಧ್ವನಿ ಬಂತು. ‘ಸಿಕ್ತು! ಅರೆ, ಇದೇನಿದು… ಅಕ್ಕಾ, ಒಂದ್ ನಿಮಿಷ ಬಗ್ಗಿ ಮೂಸಿ ನೋಡಿ.’

ಮೂಸಿ ನೋಡಿ ಎಂದು ಕರೆಯುವ ಮೆಕ್ಯಾನಿಕ್ಕನ್ನು ನಾನು ಕಂಡದ್ದು ಅದೇ ಮೊದಲು. ಬಗ್ಗಿದೆ. ಸ್ಟೇರಿಂಗಿನ ಕಂಬದ ಪಕ್ಕ ಒಂದು ವೈರು. ನಡುವೆ ತುಂಡಾಗಿ, ಗಂಟು ಹಾಕಿ ಜೋಡಿಸಿದ್ದಾರೆ. ಗಂಟಿನ ಮೇಲೆ ಟೇಪಿನ ಬದಲು ನವಿರಾದ ನೂಲು, ಸಾಲಾಗಿ, ಒಂದರ ಮೇಲೊಂದು ಬೀಳದ ಹಾಗೆ ಸುತ್ತಿದೆ. ಹಬೆಗೆ ಅದು ನೆನೆದು ಮೆತ್ತಗಾಗಿತ್ತು. ವಾಸನೆಗೆ ಬೇರೆ ಪರಿಚಯ ಬೇಕಿರಲಿಲ್ಲ. ನಮ್ಮ ಶೆಡ್ಡಿನ ಗೋಡೆಯದೇ ವಾಸನೆ. ಕಚ್ಚಾ ರೇಷ್ಮೆ!

ಪ್ಲಾಸ್ಟಿಕ್ಕು ಬರುವ ಮೊದಲು ಕರೆಂಟಿನ ತಂತಿಗೆ ರೇಷ್ಮೆಯನ್ನೇ ಸುತ್ತುತ್ತಿದ್ದರೆಂದು ಎಲ್ಲೋ ಓದಿದ್ದೆ. ಆದರೆ ಗೂಡಿನಿಂದ ತೆಗೆದ ಕಚ್ಚಾ ನೂಲಿನಲ್ಲಿ ಒಂದು ಗೋಂದಿರುತ್ತದೆ. ಒಣಗಿದರೆ ವಾರ್ನಿಷ್ಷಿನಂತೆ ಗಟ್ಟಿ, ಹಬೆ ತಾಗಿದರೆ ಮೆದು. ಈ ಗುಣದಿಂದಲೇ ಗೂಡು ಬಿಚ್ಚಿಕೊಳ್ಳುವುದು, ಈ ಗುಣದಿಂದಲೇ ನಮ್ಮೂರು ಉಂಡದ್ದು. ಖಲೀಲಣ್ಣ ವಿವರಿಸಿದರು. ಮುಂದಿನ ಗಾಜಿನ ರಬ್ಬರು ಎರಡು ವರ್ಷದಿಂದ ಬಿರುಕು ಬಿಟ್ಟಿದೆ. ಅಲ್ಲಿಂದ ಥಂಡಿ ಸೀದಾ ಈ ಗಂಟಿಗೆ ಇಳಿಯುತ್ತದೆ. ಗೋಂದು ಸಡಿಲವಾಗುತ್ತದೆ, ವೈರು ಜೋತು ಕಬ್ಬಿಣಕ್ಕೆ ತಾಗುತ್ತದೆ, ಹಾರನ್ನು ಕೂಗುತ್ತದೆ. ಬಿಸಿಲು ಏರಿದರೆ ನೂಲು ಮತ್ತೆ ಬಿಗಿದು ವೈರನ್ನು ಮೇಲೆತ್ತಿಕೊಳ್ಳುತ್ತದೆ. ಅವರ ಅಂಗಡಿ ತೆರೆಯುವುದು ಹತ್ತು ಗಂಟೆಗೆ.

‘ಮೂವತ್ತು ವರ್ಷ ನಮ್ಮಮ್ಮ ಬೇಸಿನ್ ಮುಂದೆ ಕೂತೋಳು’ ಎಂದರು ಖಲೀಲಣ್ಣ, ಟಾರ್ಚಿನ ಬೆಳಕನ್ನು ಅಲ್ಲೇ ಹಿಡಿದು. ‘ನೂಲು ಕಡಿದ್ರೆ ಹಾಕೋ ಗಂಟು ಇದು. ಮೆಕ್ಯಾನಿಕ್ ಯಾರಿಗೂ ಬರಲ್ಲ. ಏನ್ ಕೈ ಯಜಮಾನ್ರೇ! ಆದ್ರೆ ಸುತ್ತು ಉಲ್ಟಾ ಬಂದೈತೆ. ಎಡಗೈಯೋರು ಸುತ್ತಿರೋದು.’

ಮಾವ ಶೆಡ್ಡಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ‘ಅಕ್ಕ’ ಎಂದರು.

ನಿಧಾನವಾಗಿ ನೆನಪು ಬಂತು. ಗಾಡಿ ಕೊಂಡ ವರ್ಷವೇ. ಗೌರಿ ಹಬ್ಬಕ್ಕೆ ಅಕ್ಕನನ್ನು ಕರೆತರುವಾಗ ದಾರಿಯಲ್ಲಿ ಹಾರನ್ನು ಸತ್ತುಹೋಯಿತು. ಹೊಸದಾಗಿ ಗಾಡಿ ಕಲಿತ ಮಾವನಿಗೆ ಹಾರನ್ನಿಲ್ಲದೆ ಒಂದು ಹೆಜ್ಜೆ ಮುಂದೆ ಹೋಗಲು ಧೈರ್ಯವಿಲ್ಲ. ರಸ್ತೆಯ ಬದಿಯಲ್ಲಿ ತಲೆ ಮೇಲೆ ಕೈ ಹೊತ್ತು ನಿಂತರು. ಅಕ್ಕ ಇಳಿಯಲೇ ಇಲ್ಲ. ಕೂತಲ್ಲಿಂದಲೇ ಬಗ್ಗಿ, ಕೈಯಾಡಿಸಿ, ತುಂಡಾದ ವೈರನ್ನು ಹಿಡಿದರು. ಅಡಿಕೆ ಚೀಲದಿಂದ ಅಡಕತ್ತರಿ ತೆಗೆದು ಅದರ ಸಿಪ್ಪೆ ಸುಲಿದರು. ಮದುವೆಗೆ ಮೊದಲು ಇದೇ ಮನೆಯ ಚರಕದ ಮುಂದೆ ಬೆಳೆದವರು, ಚೀಲದಲ್ಲಿ ಒಂದು ಎಳೆ ನೂಲು ಸದಾ ಇರುತ್ತಿತ್ತು. ಗಂಟು ಹಾಕಿ, ಎಂಜಲು ಹಚ್ಚಿ ನೂಲು ಸುತ್ತಿ, ಬಾಯಿಂದ ಊದಿ ಒಣಗಿಸಿದರು. ಹಾರನ್ನು ಕೂಗಿತು. ಇಬ್ಬರೂ ಮನೆಯವರೆಗೆ ದಾರಿಯಲ್ಲಿ ಕಂಡ ಕಂಡ ಕೋಳಿಗೂ ಹಾರನ್ನು ಹೊಡೆಯುತ್ತ ಬಂದರಂತೆ.

ಮೇಲೂರಿನಲ್ಲಿ ಅತ್ತೆಯ ಮಾನ ಕಳೆದದ್ದು ಹಾಗಾದರೆ ಅತ್ತೆ ಹಾಕಿದ ಗಂಟೇ. ಇದನ್ನು ಅವರಿಗೆ ಹೇಳುವುದೋ ಬೇಡವೋ ಎಂದು ಊಟದ ಹೊತ್ತಿನಲ್ಲಿ ಚರ್ಚೆಯಾಯಿತು. ‘ಬೇಡವೇ ಬೇಡ, ರಿಪೇರಿ ಆಯ್ತು ಅನ್ನಿ ಸಾಕು’ ಎಂದರು ನಮ್ಮವರು. ‘ಮೊದಲೇ ನೊಂದಿದ್ದಾರೆ. ತನ್ನ ಕೈಯಿಂದಲೇ ಆಯ್ತು ಅಂತ ಗೊತ್ತಾದ್ರೆ ಇನ್ನೂ ಕೊರಗ್ತಾರೆ.’ ನನಗೂ ಹಾಗೇ ಅನ್ನಿಸಿತು. ಮಾವ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು. ‘ಅಕ್ಕನಿಗೆ ಸುಳ್ಳು ಹೇಳಿ ದಕ್ಕಿಸ್ಕೊಂಡೋರು ಯಾರಿದಾರೆ?’ ಎಂದರು.

ಖಲೀಲಣ್ಣ ಗಂಟಿನ ಎರಡೂ ಬದಿ ಕತ್ತರಿಸಿ, ಹೊಸ ವೈರು ಬೆಸೆದು, ಮೇಲೆ ಕೊಳವೆ ತೊಡಿಸಿದರು. ಗಾಜಿಗೆ ಹೊಸ ರಬ್ಬರು ಕೂರಿಸಿದರು. ಕತ್ತರಿಸಿ ತೆಗೆದ ಎರಡು ಅಂಗುಲದ ತುಂಡನ್ನು ಬಿಸಾಡಲು ಹೋದಾಗ ಮಾವ ಕೈಚಾಚಿದರು. ಕಾಗದದಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು.

ಹಬ್ಬಕ್ಕೆ ನಾಲ್ಕು ದಿನವಿರುವಾಗ, ಬೇಕೆಂದೇ ಜಿನುಗು ಮಳೆಯ ಬೆಳಿಗ್ಗೆ ನೋಡಿ, ಮಾವ ಮತ್ತು ನಾನು ಜಂಗಮಕೋಟೆಗೆ ಹೊರಟೆವು. ಮೇಲೂರು ಬಂದಾಗ ನಾನು ಉಸಿರು ಬಿಗಿಹಿಡಿದೆ. ಗಾಡಿ ಗಪ್‌ಚಿಪ್.

ಅತ್ತೆ ಜಗಲಿಯ ಮೇಲೆ ಅಲಸಂದೆಕಾಯಿ ಬಿಡಿಸುತ್ತಿದ್ದರು. ಗಾಡಿಯನ್ನು ಕಂಡು ಮುಖವನ್ನು ಬೇಕೆಂದೇ ಮೊರದತ್ತ ತಿರುಗಿಸಿದರು. ‘ಬಂದ್ಯಾ ಚಿನ್ನಾ. ಸುಮ್ನೆ ಬಂದೆ. ನಾನು ಹೇಳಿದ್ದು ಹೇಳಿದ್ದೇ.’

ಮಾವ ಪಕ್ಕದಲ್ಲಿ ಕೂತು, ಜೇಬಿನಿಂದ ಪೊಟ್ಟಣ ಬಿಚ್ಚಿ ಅವರ ಅಂಗೈಯಲ್ಲಿಟ್ಟರು. ಅತ್ತೆಗೆ ಕಣ್ಣು ಅಷ್ಟಕ್ಕಷ್ಟೇ. ಬೆರಳಿಗೆ ಕಣ್ಣು ಬೇಕಿರಲಿಲ್ಲ. ಹೆಬ್ಬೆರಳು ಆ ನೂಲಿನ ಸಾಲಿನ ಮೇಲೆ ಒಂದು ಸಲ ಹೋಗಿ ಬಂತು.

‘ಇದು ನನ್ನ ಗಂಟು.’

‘ಹೂಂ ಅಕ್ಕ.’

‘ಎಲ್ಲಿತ್ತೋ ಇದು?’

‘ಗಾಡೀಲಿ. ನೀನು ಕಟ್ಟಿದ್ ಜಾಗದಲ್ಲೇ. ಇದು ನೆನೆದೇ ಹಾರನ್ ಕೂಗಿದ್ದು. ಖಲೀಲ್ ಕಂಡುಹಿಡಿದ.’

ನಾನು ಹಿಂದೆ ನಿಂತು ಸೆರಗಿನ ತುದಿ ಹಿಂಡುತ್ತಿದ್ದೆ. ಅತ್ತೆಯ ಮುಖ ಕೆಂಪಾಯಿತು. ‘ಏಮ್ರಾ, ನಿನಗೇನಾದ್ರೂ ಬುದ್ಧಿ ಐತೇನೋ! ಅವತ್ತು ಏನು ಹೇಳಿದ್ದೆ ನಾನು? ಇದು ಮನೆ ತನಕ ಕಣೋ, ನಾಳೆ ಹೋಗಿ ಸರಿ ಮಾಡಿಸ್ಕೋ ಅಂತ ಹೇಳಿದ್ನೋ ಇಲ್ವೋ?’

‘ಹೇಳಿದ್ದೆ.’

‘ನಲವತ್ತು ವರ್ಷ! ನಲವತ್ತು ವರ್ಷದಿಂದ ನಾಳೆ ಆಗ್ಲೇ ಇಲ್ವಾ ನಿನಗೆ?’

‘ಚೆನ್ನಾಗೇ ಇತ್ತಲ್ಲ ಅಕ್ಕ. ನೀನು ಕಟ್ಟಿದ್ದು.’

‘ಚೆನ್ನಾಗೇ ಇತ್ತಂತೆ! ಕೇಳಮ್ಮ ನಿಮ್ಮ ಮಾವನ ಮಾತು! ನಾನು ಒಂದ್ ವರ್ಷದಿಂದ ಗಾಡೀನ ಬೈಕೊಂಡು ಕೂತಿದೀನಿ, ಪಾಪ ಆ ಗಾಡಿ ಏನು ಮಾಡ್ತು? ತಪ್ಪೆಲ್ಲ ಈ ಸೋಮಾರೀದು!’ ಎಂದು ಅತ್ತೆ ಅರ್ಧ ಗಂಟೆ ಬೈದರು. ಬೈಯುತ್ತಾ ಬೈಯುತ್ತಾ ಅವರ ಬೆನ್ನು ನೆಟ್ಟಗಾಯಿತು. ಮಾವ ತಲೆ ತಗ್ಗಿಸಿ ಕೇಳಿಸಿಕೊಂಡರು. ಅಷ್ಟು ಸುಖವಾಗಿ ಬೈಸಿಕೊಳ್ಳುವ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ನಡುವೆ ಒಮ್ಮೆ, ನಮಗೆ ಕೇಳಿಸಬಾರದೆಂಬಂತೆ, ಅತ್ತೆ ಆ ತುಂಡನ್ನು ತಿರುಗಿಸಿ ನೋಡಿ, ‘ನಲವತ್ತು ವರ್ಷ ನಿಂತೈತೆ ನೋಡು’ ಎಂದು ತಮಗೇ ಹೇಳಿಕೊಂಡರು. ಅದು ಅಡಿಕೆ ಚೀಲದೊಳಗೆ ಹೋಯಿತು.

ವಾಪಸ್ಸು ಬರುವಾಗ ನಾನು ‘ಮನೆ ತನಕ’ ಎಂಬ ಮಾತನ್ನೇ ಬಾಯಲ್ಲಿಟ್ಟು ಚಪ್ಪರಿಸುತ್ತಿದ್ದೆ. ನಮ್ಮ ಮನೆಯನ್ನು ಬಿಡಿಸಿ ನೋಡಿದರೆ ಎಷ್ಟೋ ಸಂಗತಿಗಳು ಹೀಗೇ ನಿಂತಿವೆ. ಹಬ್ಬ ಮುಗಿಯುವ ತನಕ ಎಂದು ಬಾಗಿಲಿಗೆ ಕಟ್ಟಿದ ಹಗ್ಗ ಇನ್ನೂ ಇದೆ. ಮಗು ಮಲಗುವ ತನಕ ಎಂದು ನುಂಗಿಕೊಂಡ ಜಗಳ, ಮಗುವಿಗೆ ಮದುವೆಯಾದರೂ ಹೊರಗೆ ಬಂದಿಲ್ಲ. ನಾಳೆ ಸರಿ ಮಾಡಿದರಾಯಿತು ಎಂದು ಆ ಹೊತ್ತಿಗೆ ಯಾರೋ ಅವಸರದಲ್ಲಿ, ಕೈಗೆ ಸಿಕ್ಕ ನೂಲಿನಲ್ಲಿ ಹಾಕಿದ ಗಂಟು. ಆಗಾಗ ಥಂಡಿಗೆ ಸಡಿಲವಾಗಿ ಒಂದಿಷ್ಟು ಕೂಗಾಡುತ್ತದೆ. ಬಿಸಿಲು ಬಂದರೆ ಬಿಗಿದುಕೊಳ್ಳುತ್ತದೆ. ನಾವು ಅದನ್ನು ಸಂಸಾರ ಎನ್ನುತ್ತೇವೆ.

ಗೌರಿ ಹಬ್ಬದ ದಿನ ಅತ್ತೆ ಹಸಿರು ಸೀರೆ ಉಟ್ಟು ತಯಾರಾಗಿದ್ದರು. ಸೀಟಿನ ಮೇಲೆ ಕೈಯಾಡಿಸಿ, ‘ಒರೆಸಿದೀಯಾ’ ಎಂದು, ಪಕ್ಕಕ್ಕೆ ತಿರುಗಿ ಕೂತು, ಕಾಲೆರಡನ್ನೂ ಎತ್ತಿ ಒಳಗಿಟ್ಟುಕೊಂಡರು. ಮೋಡ ಕವಿದಿತ್ತು. ಮೇಲೂರಿನ ಹತ್ತಿರ, ಹೆಚ್ಚುಕಡಿಮೆ ಅದೇ ಜಾಗದಲ್ಲಿ, ಈ ಸಲ ಒಂದು ಕುರಿಮಂದೆ ರಸ್ತೆ ತುಂಬ ನಿಂತಿತ್ತು. ಕುರಿಯವನು ಎಲ್ಲೋ ಹಿಂದೆ. ಮಾವ ಗಾಡಿ ನಿಲ್ಲಿಸಿ ಕಾದರು. ಹಾರನ್ನಿನ ಹತ್ತಿರ ಕೈ ಒಯ್ಯಲಿಲ್ಲ. ಎರಡು ನಿಮಿಷ, ಮೂರು ನಿಮಿಷ. ಕುರಿಗಳು ನಮ್ಮನ್ನು ನೋಡಿದವು, ನಾವು ಕುರಿಗಳನ್ನು.

‘ಹೊಡಿಯೋ’ ಎಂದರು ಅತ್ತೆ.

‘ಹೋಗ್ತವೆ ಬಿಡಕ್ಕ.’

ಅತ್ತೆ ಬಳೆ ಸರಿಸಿಕೊಂಡು, ಎಡಗೈ ಚಾಚಿ, ತಮ್ಮನ ಮೊಣಕೈಯ ಮೇಲಿಂದ ಗುಂಡಿಯನ್ನು ಒತ್ತಿದರು. ಹಾರನ್ನು ಒಮ್ಮೆ ಕೂಗಿತು. ಅತ್ತೆ ಕೈ ತೆಗೆದರು. ಕೂಗು ನಿಂತಿತು. ಅವರು ತಲೆ ಓರೆ ಮಾಡಿ, ಬೇಸಿನ್ನಿನ ಮುಂದೆ ನೂಲಿನ ಸದ್ದು ಕೇಳುವವರ ಹಾಗೆ, ಸ್ವಲ್ಪ ಹೊತ್ತು ಆ ಮೌನವನ್ನು ಕೇಳಿದರು. ‘ಪರವಾಗಿಲ್ಲ. ಆ ಸಾಬರ ಕೈಯೂ ಗಟ್ಟಿ’ ಎಂದರು.

ರಾತ್ರಿಯ ಅಡುಗೆಗೆ ಉಪ್ಪು ತೆಗೆಯುವಾಗ ಪೆನ್ನು ಎಳೆದುಕೊಂಡು ಅಂದಿನ ಚೌಕದಲ್ಲಿ ಬರೆದೆ: ‘ಗೌರಿ. ಜಂಗಮಕೋಟೆ ಅತ್ತೆ ಬಂದರು. ಮಾವ ಎರಡು ಹೋಳಿಗೆ, ಮೇಲೆ ಇನ್ನೊಂದು. ಉಪ್ಪು ಒದ್ದೆ. ಹಾ — ಒತ್ತಿದ್ದಕ್ಕೆ.’